ಪಾದಸಹಿ

೨೦೫೯ರ ಜೂನ್ ತಿಂಗಳ ಒಂದು ಭಾನುವಾರ, ಬೆಳಗಿನ ಹನ್ನೊಂದು ಗಂಟೆ. ಮದ್ದೂರಿನ ಗಾರ್ಮೆಂಟ್ಸ್ ಕಾರ್ಮಿಕರ ಸಂಘದ ಕಚೇರಿ ಗೋಡೆಯ ಮೇಲೆ ಹಸಿರು ಚುಕ್ಕೆಗಳು ಹೊತ್ತಿಕೊಳ್ಳತೊಡಗಿದವು. ಒಂದೊಂದು ಚುಕ್ಕೆಯೂ ಒಬ್ಬೊಬ್ಬ ಹೆಂಗಸಿನ ಕಾಲು. ಸುತ್ತಲಿನ ಊರುಗಳಲ್ಲಿ, ಅಡುಗೆಮನೆಯಲ್ಲೋ ಜಗಲಿಯ ಮೇಲೋ ಕುಳಿತು, ತಟ್ಟೆಯಗಲದ ರಬ್ಬರ್ ಹಾಸನ್ನು ಅವರು ಹೊಲಿಗೆ ಯಂತ್ರದ ಪೆಡಲಿನಂತೆ ಒತ್ತುತ್ತಿದ್ದರು.

ಈ ಹಾಸಿನ ಹೆಸರು ಪಾದಸಹಿ. ವರ್ಷಗಟ್ಟಲೆ ಪೆಡಲ್ ಒತ್ತಿದ ಕಾಲಿಗೆ ತನ್ನದೇ ಒಂದು ಲಯ ಬಂದಿರುತ್ತದೆ. ಎಲ್ಲಿ ಬಿಗಿ, ಎಲ್ಲಿ ಸಡಿಲ, ನಡುವೆ ಎಷ್ಟು ಬಿಡುವು ಎಂಬುದು ಕೈಬರಹದಂತೆ, ಒಬ್ಬರದಿದ್ದ ಹಾಗೆ ಇನ್ನೊಬ್ಬರದಿರುವುದಿಲ್ಲ. ಹಾಸಿನೊಳಗಿನ ಸಂವೇದಕಗಳು, ಅಂದರೆ ಒತ್ತಡ ಅಳೆಯುವ ಸಣ್ಣ ಬಿಲ್ಲೆಗಳು, ಆ ಲಯವನ್ನು ಗುರುತಿಸುತ್ತವೆ. ಸದಸ್ಯೆಯೇ ಹೌದೆಂದು ಖಾತ್ರಿಯಾದರೆ ಹೆಸರನ್ನು ಅಲ್ಲೇ ಅಳಿಸಿ, ಮತವನ್ನಷ್ಟೇ ಅಂತರ್ಜಾಲದಲ್ಲಿ ಸಂಘಕ್ಕೆ ಮುಟ್ಟಿಸುತ್ತವೆ. ಇದಕ್ಕೆ ಫೋನ್ ಬೇಕಿಲ್ಲ, ಅದೇ ಇದರ ಹೆಚ್ಚುಗಾರಿಕೆ.

ಇದನ್ನು ಕಂಡುಹಿಡಿದ ಡಾ. ಇಂಚರ ಮೂಲೆಯ ಕುರ್ಚಿಯಲ್ಲಿ ಉಗುರು ಕಚ್ಚುತ್ತ ಕುಳಿತಿದ್ದಳು. ಅವಳು ಮಾಡಿದ ತಪ್ಪೊಂದು ಇವತ್ತು ಸರಿಹೋಗಬೇಕಿತ್ತು.

ಆರು ತಿಂಗಳ ಹಿಂದೆ ಅವಳು, ಕಾರ್ಮಿಕ ಸಂಘಗಳು ಅಂತರ್ಜಾಲದ ಮೂಲಕ ಸದಸ್ಯರನ್ನು ಹೇಗೆ ಮಾತಿಗೆಳೆಯುತ್ತವೆ ಎಂಬ ಸಂಶೋಧನೆ ಮುಗಿಸಿದ್ದಳು. ಊರೂರು ಸುತ್ತಿ ಕೊನೆಗೆ ತನ್ನ ಅಮ್ಮನ ಸಂಘಕ್ಕೇ ಭೇಷ್ ಎಂದಿದ್ದಳು. ಫೋನಿಗೆ ಯಾವ ಪ್ರಶ್ನೆ ಕಳಿಸಿದರೂ ಗಂಟೆಯೊಳಗೆ ನೂರಕ್ಕೆ ಎಂಬತ್ತು ಮಂದಿಯ ಉತ್ತರ ಬರುತ್ತದೆಂದರೆ ಸುಮ್ಮನೆ ಮಾತೇ? ಅಮ್ಮ ಪ್ರಮೀಳಮ್ಮ ಮದ್ದೂರಿನ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಟೈಲರ್.

ಅಷ್ಟರಲ್ಲಿ ಕಾರ್ಖಾನೆಗೆ ತಾನಾಗಿ ಹೊಲಿಯುವ ಯಂತ್ರಗಳು ಬರುವುದು ಖಾಯಂ ಆಯಿತು. ಅವುಗಳ ರಿಪೇರಿಯನ್ನು ಟೈಲರ್‌ಗಳಿಗೇ ಕಲಿಸಿ ಎಂದು ಕಂಪನಿಯ ಮುಂದೆ ಪಟ್ಟು ಹಿಡಿಯೋಣವೇ, ಕಲಿಯಲು ಮೂರು ತಿಂಗಳು ತಮಿಳುನಾಡಿನ ತಿರುಪ್ಪೂರಿನಲ್ಲಿ ಇರಬೇಕಾಗುತ್ತದೆ ಎಂದು ಸಂಘ ಸದಸ್ಯರನ್ನು ಕೇಳಿತು. ಹೆಚ್ಚುಕಡಿಮೆ ಎಲ್ಲರದೂ ‘ಬೇಡ’. ಕಾರ್ಯದರ್ಶಿ ಸುಕನ್ಯಮ್ಮ ಬೇಸರದಿಂದಲೇ ಬೇಡಿಕೆ ಕೈಬಿಡಲು ಹೊರಟರು. ಕೈಬಿಟ್ಟರೆ ಎರಡು ವರ್ಷದೊಳಗೆ ಅಷ್ಟೂ ಹೆಂಗಸರು ಕೆಲಸ ಕಳೆದುಕೊಂಡಂತೆಯೇ.

ಇಂಚರಳಿಗೆ ಒಂದು ಸಂಗತಿ ಕೊರೆಯುತ್ತಿತ್ತು. ಉತ್ತರಗಳೆಲ್ಲ ಬಂದಿದ್ದು ಕೆಲಸದ ದಿನ, ಹನ್ನೊಂದರ ಸುಮಾರಿಗೆ. ಆಗ ಹೆಂಗಸರು ಯಂತ್ರದ ಮುಂದಿರುತ್ತಾರೆ, ಅವರ ಫೋನುಗಳು ಗೇಟಿನ ಲಾಕರ್‌ನಲ್ಲಿರುತ್ತವೆ. ಊರಿಗೆ ಬಂದವಳೇ ಅಮ್ಮನನ್ನು ಕೇಳಿದಳು, ಯಾಕೆ ಬೇಡ ಅಂದೆ ಎಂದು.

“ನನ್ನ ಯಾರವ್ವ ಕೇಳಿದ್ರು?” ಎಂದರು ಪ್ರಮೀಳಮ್ಮ.

ಮಂಚದ ಮೇಲೆ ಪೇಪರ್ ಓದುತ್ತಿದ್ದ ಅಪ್ಪ ಪುಟ್ಟಸ್ವಾಮಿ ತಲೆಯೆತ್ತಿದರು. ಸಂಘದ ಮೆಸೇಜೆಲ್ಲ ತನಗೇ ಬರುವುದು, ಉತ್ತರ ಒತ್ತುವುದೂ ತಾನೇ, ಈ ವಯಸ್ಸಿನಲ್ಲಿ ಅವಳಿಗೆ ಪರದೇಶದ ಪಾಡು ಯಾಕೆ ಎಂದು ಬೇಡ ಒತ್ತಿದೆ ಎಂದರು. ಅವರ ಮಾತಿನಲ್ಲಿ ಕಪಟವೇನೂ ಇರಲಿಲ್ಲ. ಸದಸ್ಯತ್ವದ ಅರ್ಜಿಯಲ್ಲಿ ‘ಮನೆಯ ಫೋನ್ ನಂಬರು’ ಎಂದಿತ್ತು, ಎಲ್ಲರೂ ಗಂಡನದನ್ನೇ ಬರೆದಿದ್ದರು. ಇಂಚರ ತನ್ನ ಸಂಶೋಧನೆಯ ಪುಟ ತೆರೆದು ಆ ‘ಎಂಬತ್ತು ಮಂದಿ’ಯನ್ನು ಮತ್ತೆ ನೋಡಿದಳು. ಅವಳು ಭೇಷ್ ಎಂದದ್ದು ಗಂಡಂದಿರಿಗೆ!

ಮರುದಿನವೇ ಹೋಗಿ ಸುಕನ್ಯಮ್ಮನ ಮುಂದೆ ತಪ್ಪೊಪ್ಪಿಕೊಂಡಳು. ಅವರು ಬೈಯಲಿಲ್ಲ. ಕಂಪನಿಯಿಂದ ಜೂನ್ ಕೊನೆಯವರೆಗೆ ಗಡುವು ಕೇಳಿ ಪಡೆದರು. ಆದರೆ ನಂಬರು ಬದಲಿಸಿದರೂ ಮನೆಯೊಳಗೆ ಫೋನು ಯಾರ ಕೈಗೆ ಸಿಕ್ಕೀತೆಂದು ಹೇಳುವವರಾರು? ಬೇರೆ ಯಾರೂ ಎರವಲು ಪಡೆಯಲಾಗದ್ದು ಈ ಹೆಂಗಸರ ಹತ್ತಿರ ಏನಿದೆ ಎಂದು ಇಂಚರ ಯೋಚಿಸುತ್ತಿದ್ದಾಗ, ಊಟಕ್ಕೆ ಕುಳಿತ ಅಮ್ಮನ ಬಲಗಾಲು ತನ್ನಷ್ಟಕ್ಕೆ ನೆಲವನ್ನು ಒತ್ತುತ್ತಿರುವುದು ಕಣ್ಣಿಗೆ ಬಿತ್ತು.

ಮೊದಲ ಹಾಸು ಮನೆಗೆ ಬಂದಾಗ ಪುಟ್ಟಸ್ವಾಮಿಯೂ ಕಾಲಿಟ್ಟು ನೋಡಿದರು. ಎಷ್ಟು ಒತ್ತಿದರೂ ದೀಪ ಹತ್ತಲಿಲ್ಲ.

“ಎಮ್ಮೆ ತುಳ್ದಂಗೆ ತುಳುದ್ರೆ ಹೊಲಿಗೆ ಬಿದ್ದದಾ? ಆ ಕಡೆ ಸರಿರಿ,” ಎಂದು ಪ್ರಮೀಳಮ್ಮ ಕಾಲ್ಬೆರಳ ತುದಿ ಇಟ್ಟು ತಮ್ಮ ಲಯದಲ್ಲಿ ಒತ್ತಿದರು. ದೀಪ ಹತ್ತಿತು.

ಇವತ್ತು ಪ್ರಮೀಳಮ್ಮ ಕಚೇರಿಯ ಮೊದಲ ಸಾಲಿನಲ್ಲೇ ಕುಳಿತಿದ್ದರು. ಲಯ ಗುರುತಾಗಿ ದೀಪ ಹತ್ತಿದ ಮೇಲೆ, ಬೇಡವೆಂದರೆ ಒಂದು ಸಲ, ಬೇಕೆಂದರೆ ಎರಡು ಸಲ ಒತ್ತಬೇಕಿತ್ತು. ಐವತ್ಮೂರು ವರ್ಷದ ಆ ಕಾಲು ಎರಡು ಸಲ ಒತ್ತಿತು. ಇವಳು ನನ್ನಮ್ಮ ಎಂದು ಬೀದಿಗೆಲ್ಲ ಕೇಳುವಂತೆ ಕೂಗಬೇಕೆನ್ನಿಸಿತು ಇಂಚರಳಿಗೆ. ಗೋಡೆಯ ಮೇಲೆ ಲೆಕ್ಕ ಮೂಡಿತು: ಹನ್ನೊಂದು ಸಾವಿರದಲ್ಲಿ ಒಂಬತ್ತು ಸಾವಿರ ‘ಬೇಕು’. ಸುಕನ್ಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಸಂಘ ಪಟ್ಟು ಹಿಡಿಯಿತು, ಕಂಪನಿ ಒಪ್ಪಿತು. ಆಗಸ್ಟಿನಲ್ಲಿ ತಿರುಪ್ಪೂರಿಗೆ ಹೊರಟ ಮೊದಲ ಬಸ್ಸಿನಲ್ಲಿ ಪ್ರಮೀಳಮ್ಮ ಕಿಟಕಿ ಪಕ್ಕ ಕುಳಿತರು. ಬ್ಯಾಗು ಎತ್ತಿಕೊಟ್ಟ ಪುಟ್ಟಸ್ವಾಮಿ, “ಒಂದ್ ಮಾತು ನಿನ್ನ ಕೇಳ್ಬೇಕಿತ್ತು ಕಣೆ,” ಎಂದಷ್ಟೇ ಅಂದರು.

ಹಳೆಯ ಅರ್ಜಿಗಳ ಕಟ್ಟನ್ನು ಇಂಚರ ಇನ್ನೂ ಇಟ್ಟುಕೊಂಡಿದ್ದಾಳೆ. ತೀರಾ ಕೆಳಗಿನವುಗಳ ಮೇಲಿರುವುದು ನಾವೀಗ ಬದುಕುತ್ತಿರುವ ವರ್ಷಗಳ ತಾರೀಕು. ಆ ಅರ್ಜಿಗಳನ್ನು ನಾವು ಈಗಲೂ ತುಂಬುತ್ತಲೇ ಇದ್ದೇವೆ. ನಿಮ್ಮ ಮನೆಯಾಕೆಯ ಹೆಸರಿನ ಮುಂದೆ ಬರೆದಿರುವುದು ಯಾರ ನಂಬರು?