ನೀಲವ್ವನ ಬುತ್ತಿ ಮತ್ತು ಮಾಂತ್ರಿಕನ ಒಗಟು

ಬಲು ಹಿಂದೆ ಕಡಲ ದಂಡೆಯಲ್ಲಿ ಹವಳಪಟ್ಟಣ ಎಂಬ ರಾಜ್ಯವಿತ್ತಂತೆ. ದೂರದೇಶದ ಹಡಗುಗಳು ಬಂದು ಬಂದು ಅಲ್ಲಿ ಒಂದು ಮಾತು ಬಿಟ್ಟುಹೋಗಿದ್ದವು: ಕಂಪನಿ. ಸಂತೆಯ ಮುದುಕಿಯರೂ "ಒಂದಿಷ್ಟು ಹೊತ್ತು ಕಂಪನಿ ಕೊಡೇ ತಾಯಿ" ಅನ್ನುವವರೇ. ಅದನ್ನು ಕೇಳಿದರೆ ಗುಡ್ಡದ ಮಾಂತ್ರಿಕ ಕರಾಳಜಂಘನಿಗೆ ಮೈಯೆಲ್ಲಾ ಉರಿ. ಅವನಿಗೆ ಕಂಪನಿ ಕೊಡುವ ನರಪಿಳ್ಳೆಯೂ ಇರಲಿಲ್ಲ ನೋಡಿ! ಜೋಡಿಯಾಗಿ ಕೂತವರನ್ನು ಕಂಡರೆ ಸಾಕು, ಒಬ್ಬರನ್ನು ಹೊತ್ತೊಯ್ದು ಪ್ರಾಣಿ ಮಾಡಿಬಿಡುತ್ತಿದ್ದ. ನೀಲವ್ವನ ಗಂಡ ಸೋಮಲಿಂಗನನ್ನೂ ಹಾಗೇ ಜಿಂಕೆ ಮಾಡಿ ಗುಡ್ಡದ ಮೇಲೆ ಕಟ್ಟಿಹಾಕಿದ್ದ.

"ಕಂಪನಿ ಎಂಬ ಆ ಮಾತು ಯಾವುದರಿಂದ ಹುಟ್ಟಿತು, ಹೇಳಿ. ಸರಿಯಾದರೆ ಎಲ್ಲರನ್ನೂ ಬಿಡುತ್ತೇನೆ. ತಪ್ಪಿದರೆ ನೀವೂ ಪ್ರಾಣಿಯೇ!" ಎಂದು ಡಂಗುರ ಹೊಡೆಸಿದ್ದ, ಪಾಪಿ.

ನೀಲವ್ವ ದಿನಾ ರೊಟ್ಟಿ ಬಡಿಯುವಾಗ ಗಂಡನ ಪಾಲಿನದನ್ನೂ ಬಡಿಯುತ್ತಿದ್ದಳು. ಮರೆತಲ್ಲ, ಬಿಡಲು ಮನಸ್ಸು ಬರುತ್ತಿರಲಿಲ್ಲ. ಅದು ಆರಿ ಒಣಗುವುದನ್ನು ನೋಡಿ ನೋಡಿ ಅವಳಿಗೆ ಸಾಕಾಯಿತು. "ಪ್ರಾಣಿಯಾದರೂ ಸರಿ, ಅವರಿರುವಲ್ಲಿಗೆ ಹೋಗುತ್ತೇನೆ" ಎಂದು ಬುತ್ತಿ ಕಟ್ಟಿ ಹೊರಟೇಬಿಟ್ಟಳು.

ದಾರಿಗೆ ಹುಲಿ ಅಡ್ಡ ಬಂತು. ನೀಲವ್ವ ರೊಟ್ಟಿ ಎಸೆದಳು. "ಎಲ್ಲರೂ ಎಸೆದು ಓಡುತ್ತಾರೆ. ನೀನು ಕೂತು ತಿನ್ನು, ಆಮೇಲೆ ದಾರಿ ಬಿಡುತ್ತೇನೆ" ಅಂದಿತು ಹುಲಿ. ಕೂತಳು. ಒಂದೇ ರೊಟ್ಟಿ ಮುರಿದು ಇಬ್ಬರೂ ತಿಂದರು. ಮುಂದೆ ಹೆಬ್ಬಾವು ಸಿಕ್ಕಿತು. ಜೀವ ಬಾಯಿಗೆ ಬಂದರೂ ಅದರ ಜೊತೆಗೂ ಕೂತಳು, ಮುರಿದಳು, ತಿಂದಳು. ಗುಡ್ಡದ ಬುಡದಲ್ಲಿ ಮುದಿ ಆಮೆಯೊಂದಿತ್ತು. ಅವಳು ಪಕ್ಕದಲ್ಲಿ ಕೂತು ಕೊಟ್ಟ ತುತ್ತು ನುಂಗಿ ಅದು ಗಳಗಳ ಅತ್ತಿತು.

"ನಾನು ಹಡಗಿನವ ಕಣಮ್ಮಾ, ಅವನ ಮಾಟಕ್ಕೆ ಸಿಕ್ಕಿ ಆಮೆಯಾದೆ. ನಮ್ಮ ಕಡೆಯ ಹಳೇ ನುಡಿಯಲ್ಲಿ 'ಕಂ' ಅಂದರೆ ಜೊತೆ, 'ಪಾನಿಸ್' ಅಂದರೆ ರೊಟ್ಟಿ. ಜೊತೆಗೆ ಕೂತು ರೊಟ್ಟಿ ತಿನ್ನುವವನೇ ಕಂಪ್ಯಾನಿಯನ್. ಅಂಥವರು ಕೂಡಿದರೆ ಕಂಪನಿ. ಇಷ್ಟು ಹೇಳೋಣವೆಂದರೆ ನನ್ನ ಹತ್ತಿರ ಯಾರೂ ಕೂರಲೇ ಇಲ್ಲ."

ನೀಲವ್ವ ಗುಡ್ಡ ಹತ್ತಿ ಮಾಂತ್ರಿಕನಿಗೆ ಅದನ್ನೇ ಹೇಳಿದಳು. ಅವನು ಗಹಗಹಿಸಿ ನಕ್ಕ. "ರೊಟ್ಟಿಯಂತೆ ರೊಟ್ಟಿ! ಯಾವನು ನಂಬುತ್ತಾನೆ?"

ಬುತ್ತಿಯಲ್ಲಿ ಉಳಿದಿದ್ದು ಒಂದೇ ರೊಟ್ಟಿ, ಸೋಮಲಿಂಗನದು. ಅವನು ಅದನ್ನು ತಿನ್ನುವುದನ್ನು ಕಣ್ಣಾರೆ ನೋಡಬೇಕೆಂದೇ ಅವಳು ಇಷ್ಟು ದೂರ ಬಂದಿದ್ದಳು. ಕೊಡಲು ಕೈ ಬರಲಿಲ್ಲ. ಆದರೂ ಮುರಿದು ಅರ್ಧವನ್ನು ಮಾಂತ್ರಿಕನತ್ತ ಚಾಚಿದಳು. "ಕೂತ್ಕೋ. ತಿಂದು ನೋಡು, ಗೊತ್ತಾಗುತ್ತೆ."

ಉಳಿದರ್ಧ ತಾನು ತಿಂದಳು. ತಿನ್ನದಿದ್ದರೆ ಜೊತೆ ಹೇಗಾದೀತು? ಎದುರಿಗೆ ಇನ್ನೊಬ್ಬರು ಅಗಿಯುವ ಸದ್ದು ಕೇಳಿ ಕರಾಳಜಂಘನೂ ಕೂತು ತನ್ನ ಅರ್ಧ ಬಾಯಿಗಿಟ್ಟ. "ಹೌದು," ಅಂದ ಮೆಲ್ಲಗೆ, "ಅದೇ." ಅಂದದ್ದೇ ತಡ, ಮಾಟವೆಲ್ಲ ಕಳಚಿತು. ಹುಲಿ, ಹಾವು, ಆಮೆ, ಜಿಂಕೆ, ಎಲ್ಲರೂ ಮನುಷ್ಯರಾಗಿ ಎದ್ದು ನಿಂತರು.

ಅಂದಿನಿಂದ ಹವಳಪಟ್ಟಣದಲ್ಲಿ ಒಬ್ಬೊಬ್ಬರೇ ಕೂತು ಉಂಡವರಿಲ್ಲ. ಕರಾಳಜಂಘನಿಗೂ ಒಂದು ಮಣೆ ಹಾಕುತ್ತಿದ್ದರಂತೆ. ಅದೆಲ್ಲ ಆಮೇಲಿನ ಮಾತು. ಆ ಹೊತ್ತಿಗೆ ಸೋಮಲಿಂಗ ಹೊಸ ಕಾಲಿನ ಮೇಲೆ ತಡವರಿಸುತ್ತಾ ಬಂದು ಹೆಂಡತಿಯ ಮುಂದೆ ನಿಂತ.

"ಹಸಿವು ಕಣೇ ನೀಲಾ. ಏನಾದರೂ ತಂದಿದ್ದೀಯಾ?"

ನೀಲವ್ವ ಬರೀ ಬುತ್ತಿಬಟ್ಟೆ ಹಿಡಿದು ನಕ್ಕಳು, ಅತ್ತಳು. "ಏನೂ ಉಳಿದಿಲ್ಲ ರೀ. ಮನೆಗೆ ನಡೀರಿ, ಬಿಸಿಬಿಸಿ ಬಡಿದುಕೊಡ್ತೀನಿ."