ತಾವು ಮೊದಲು

ಇರಜ್‌ನನ್ನು ನಾನು ಮೊದಲು ನೋಡಿದ್ದು ಹುಸೇನಿಯಾದ ಬಾಗಿಲಲ್ಲಿ. ಆವತ್ತು ನಾವಿಬ್ಬರೂ ಸೇರಿ ಇಡೀ ಕೇರಿಯನ್ನು ಕೊಂದೆವು, ಅದೂ ನಗುನಗುತ್ತಾ.

ಡ್ರಿಲ್‌ನಲ್ಲಿ ಕೊಂದದ್ದು ಅನ್ನಿ. ಭೂಕಂಪ ಬಂದರೆ ಜನ ಏನು ಮಾಡಬೇಕೆಂದು ಕಲಿಸಲು ಕೆರ್ಮಾನಿನಿಂದ ಬಂದ ತರಬೇತುದಾರ ಅವನು. ಪ್ರಾರ್ಥನೆಗೂ ಶೋಕಸಭೆಗೂ ನಾವು ಸೇರುತ್ತಿದ್ದ ಹುಸೇನಿಯಾದ ಹಳೆಯ ಮಣ್ಣಿನ ಗುಮ್ಮಟದ ಕೆಳಗೆ ಎಲ್ಲರನ್ನೂ ಕೂರಿಸಿ, "ಸೀಟಿ ಕೇಳಿದ ತಕ್ಷಣ ಎದ್ದು ಅಂಗಳಕ್ಕೆ ನಡೀರಿ" ಎಂದ. ಊದಿದ. ಬಾಗಿಲಿಗೆ ಹತ್ತಿರವಿದ್ದವಳು ನಾನು, ಕೈಯಲ್ಲಿ ತಿಂಡಿ, ಚಹಾದ ತಟ್ಟೆ. ಪಕ್ಕದಲ್ಲಿ ಅವನು.

"ಹೋಗಿ ಖಾನುಮ್, ತಾವು ಮೊದಲು."

"ಛೇ, ಅತಿಥಿಗಳು ತಾವು. ತಾವು ಮೊದಲು."

"ತಮ್ಮ ಊರು. ತಮಗಿಂತ ಮುಂದೆ ನಾನು ಹೆಜ್ಜೆ ಇಡೋದಾ?"

"ನನ್ನ ಕಣ್ಣ ಮೇಲೇ ಇಡಿ ಬೇಕಾದ್ರೆ. ಆದ್ರೆ ಮೊದಲು ಹೋಗಿ."

ನಮ್ಮ ಹಿಂದೆ ತಾಮ್ರದ ಪಾತ್ರೆ ಬಡಿಯುವ ಮಶ್ ಹೈದರ್, ಪಕ್ಕದ ಮನೆಯ ಅಗ್ದಸ್ ಖಾನುಮ್‌ಗೆ ದಾರಿ ಬಿಟ್ಟು ನಿಂತಿದ್ದ. ಅಗ್ದಸ್ ನನ್ನ ತಾಯಿ ಬೀಬಿಗೆ ಬಿಟ್ಟು ನಿಂತಿದ್ದಳು. ಬೀಬಿ ಇಡೀ ಲೋಕಕ್ಕೆ ಬಿಟ್ಟು ನಿಂತಿದ್ದಳು. ಒಂದು ನರಪಿಳ್ಳೆಯೂ ಹೊರಗೆ ಹೋಗಲಿಲ್ಲ.

ಇರಜ್ ಕೊನೆಗೆ ಗಡಿಯಾರ ನೋಡಿಕೊಂಡ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಒಂದು ಚೂರು ಮೊದಲೇ ಮುಚ್ಚಿಕೊಳ್ಳುತ್ತಿತ್ತು. "ಅಭಿನಂದನೆ. ಎಲ್ಲರೂ ಗುಮ್ಮಟದ ಕೆಳಗೆ ಸತ್ತಿದ್ದೀರಿ. ನನ್ನನ್ನೂ ಸೇರಿಸಿ."

"ಸತ್ತರೇನು ಸಾಹೇಬ್ರೇ, ಮರ್ಯಾದೆಯಿಂದ ಸತ್ತೆವಲ್ಲ," ಎಂದಳು ಅಗ್ದಸ್.

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗು ಇನ್ನೂ ಮುಗಿದಿರಲಿಲ್ಲ, ನನ್ನ ತಟ್ಟೆಯ ಮೇಲಿನ ಚಹಾದ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅಂದವು. ನನ್ನ ಕೈ ಅಲ್ಲಾಡಿರಲಿಲ್ಲ.

ಆ ತಿಂಗಳು ಹಾಗೇ ಇತ್ತು. ನಮ್ಮೂರು ಸಂಗ್‌ಬಾಗ್‌ನ ಹಿಂದಿನ ಬೆಟ್ಟ ನಿದ್ದೆಗೆಟ್ಟವರ ಹಾಗೆ ಮಗ್ಗುಲು ಬದಲಿಸುತ್ತಿತ್ತು. ಬೆಟ್ಟದ ಬುಡದಿಂದ ನೆಲದೊಳಗಿನ ಕಾಲುವೆಯಲ್ಲಿ ಹರಿದು ಬರುವ ನಮ್ಮ ನೀರು ಒಂದು ಬೆಳಿಗ್ಗೆ ಉಗುರು ಬೆಚ್ಚಗೆ, ಕೆಂಪಗೆ ಬಂತು. ಪಾರಿವಾಳಗಳು ಮಾಡಿನ ಗೂಡಿಗೆ ಮರಳಲಿಲ್ಲ. ಯಾರೂ ಇದನ್ನು ಗಟ್ಟಿಯಾಗಿ ಆಡಿಕೊಳ್ಳಲಿಲ್ಲ. ಆಡಿದರೆ ಬೆಟ್ಟಕ್ಕೆ ಕೇಳಿಸುತ್ತದೆಯೋ ಎಂಬಂತೆ.

*

ನನಗೆ ಆಗ ಮೂವತ್ತೇಳು. ಅಪ್ಪ ಹೋದ ಮೇಲೆ ಅವನ ಬೇಕರಿ ನಡೆಸುತ್ತಿದ್ದೆ. ಖರ್ಜೂರ ತುಂಬಿ, ಮರದ ಅಚ್ಚೊತ್ತಿ ಸುಡುವ ಕುಲುಂಪೆ ನಮ್ಮ ಅಂಗಡಿಯ ಹೆಸರು. ಊರಿನ ಎಲ್ಲ ಮನೆಗೂ ನಾನೇ ತಿಂಡಿ ತಲುಪಿಸುತ್ತಿದ್ದೆನಾದ್ದರಿಂದ, ಯಾರಿಗೆ ಮಂಡಿ ನೋವು, ಯಾವ ಮನೆಯ ಹಿತ್ತಿಲ ಬಾಗಿಲು ತೆರೆಯುವುದಿಲ್ಲ ಎಂಬುದೆಲ್ಲ ಗೊತ್ತಿತ್ತು. ಅದಕ್ಕೇ ಇರಜ್ ನನಗೂ ಒಂದು ಸೀಟಿ ಕೊಟ್ಟು, ರಕ್ಷಣೆಯ ಕೆಲಸಕ್ಕೆ ಕೇರಿಯ ಮುಖ್ಯಸ್ಥೆ ಮಾಡಿದ. ಅಗ್ದಸ್ ನನ್ನ ಬದಲಿ.

"ಬದಲಿ ಯಾಕೆ?" ಎಂದು ಕೇಳಿದೆ.

"ಮುಖ್ಯಸ್ಥೆಗೇ ಏನಾದ್ರೂ ಆದ್ರೆ?"

ಎಷ್ಟು ಮೃದುವಾಗಿ ಅಂದನೆಂದರೆ, ಮೈ ಜುಂ ಅಂದದ್ದು ಯಾವುದಕ್ಕೆ ಎಂದು ನನಗೇ ತಿಳಿಯಲಿಲ್ಲ.

ಮಧ್ಯಾಹ್ನ ಒಲೆ ಆರಿದ ಮೇಲೆ ಅಂಗಡಿಗೆ ಬರುತ್ತಿದ್ದ. ಅವನು ತಂದ ನಕ್ಷೆ ಯಾರಿಗೂ ಅರ್ಥವಾಗದ್ದು ನೋಡಿ, ನಾನು ತಾಮ್ರದ ದೊಡ್ಡ ತಟ್ಟೆಯಲ್ಲಿ ಹಿಟ್ಟು ಹರಡಿ, ಬೆರಳಿನಿಂದ ಓಣಿ ಗೀಚಿ, ಮನೆಗೊಂದು ಕುಲುಂಪೆ ಇಟ್ಟೆ.

"ಇದು ಮಶ್ ಹೈದರ್ ಮನೆ. ಗೋಡೆ ಬಿರುಕು ಬಿಟ್ಟಿದೆ. ಬಿದ್ರೆ ಓಣಿ ಮುಚ್ಚುತ್ತೆ."

"ಹಾಗಾದ್ರೆ ಈ ಕಡೆಯವರು ಎಲ್ಲಿಂದ ಬರ್ತಾರೆ?"

"ಅಗ್ದಸ್ ಮನೆ ಹಿತ್ತಿಲಿಂದ… ಅಯ್ಯೋ! ಅಗ್ದಸ್ ಮನೆ ಎಲ್ಲಿ?"

ಅವನ ಬಾಯಿ ತುಂಬಿತ್ತು. ಮೀಸೆಯ ಮೇಲೆ ಹಿಟ್ಟು.

"ಕ್ಷಮಿಸಿ. ಬಿಸಿಯಾಗಿತ್ತು."

"ಜನರನ್ನ ಉಳಿಸೋಕೆ ಬಂದವರು ಮನೇನೇ ನುಂಗ್ತೀರಲ್ಲ!"

"ನಿಮ್ಮ ಕೈಯಲ್ಲಿ ಮಾಡಿದ ಮನೆ ಖಾನುಮ್. ಇಂಥ ಊರು ಬಿಟ್ಟು ಹೋಗೋಕೆ ಮನಸ್ಸೇ ಬರೋದಿಲ್ಲ."

ನಾನು ತಲೆ ತಗ್ಗಿಸಿ ಓಣಿಗಳನ್ನು ತಿದ್ದಿದೆ. ನನಗೆ ಹಿತವಾಗಿತ್ತು. ಆದರೆ ನಂಬಲಿಲ್ಲ. ನಮ್ಮಲ್ಲಿ ಇಂಥ ಮಾತಿಗೆ ತಾರುಫ್ ಎನ್ನುತ್ತಾರೆ. ಊಟಕ್ಕೆ ಕರೆದರೆ ಬೇಡ ಅನ್ನಬೇಕು, ಮತ್ತೆ ಮತ್ತೆ ಕರೆದ ಮೇಲೆ ಕೂರಬೇಕು. ಅಂಗಡಿಯವನು "ದುಡ್ಡು ಬೇಡ ಬಿಡಿ" ಅಂದರೆ ಒತ್ತಾಯ ಮಾಡಿ ಕೊಡಬೇಕು. ಮಾತು ಜೇನು, ಅದರೊಳಗೆ ನಿಜ ಎಷ್ಟು ಅಂತ ಕೇಳುವವನು ಒರಟ. ಹುಟ್ಟಿದಾಗಿನಿಂದ ನಾನು ಅದರಲ್ಲೇ ಬೆಳೆದವಳು.

"ಈ ಬಾಗಿಲಿನ ಸಮಸ್ಯೆಗೆ ಏನ್ ಮಾಡೋದು?" ಎಂದ ಅವನು. "ಬೇರೆ ಊರಲ್ಲಿ ಬೈದೆ, ಹೆದರಿಸಿದೆ. ಆದ್ರೂ ಬಾಗಿಲ ಹತ್ರ ಬಂದ ಕೂಡ್ಲೆ ನಿಂತುಬಿಡ್ತಾರೆ."

"ಬೈದ್ರೆ ನಮ್ಮ ಜನ ಇನ್ನೂ ಮರ್ಯಾದೆ ಮಾಡ್ತಾರೆ ಅಷ್ಟೆ." ನಾನು ಯೋಚಿಸಿದೆ. "ಹೀಗೆ ಮಾಡಿ. ಹೊರಗೆ ಅಂಗಳದಲ್ಲಿ ಕಂಬಳಿ ಹಾಸಿ, ಚಹಾದ ಸಮೋವರ್ ಇಡೋಣ. ಮನೆ ಹೊರಗಿದೆ ಅಂತ ಹೇಳಿ. ಮೊದಲು ಹೊರಗೆ ಹೋದವರೇ ಯಜಮಾನರು. ಹಿಂದೆ ಬರೋರನ್ನ ಸ್ವಾಗತ ಮಾಡೋದು ಅವರ ಕೆಲಸ."

ಅವನು ಬಹಳ ಹೊತ್ತು ನನ್ನನ್ನೇ ನೋಡಿದ. ಆ ನೋಟವನ್ನು ತಡೆಯಲಾರದೆ ನಾನು ಒಂದು ಮನೆಯನ್ನೆತ್ತಿ ಅವನ ಕೈಗಿಟ್ಟೆ. "ತಿನ್ನಿ. ಇದು ಖಾಲಿ ಮನೆ."

ಮುಂದಿನ ಶುಕ್ರವಾರ ಸೀಟಿ ಊದಿದ್ದೇ ತಡ, ಬೀಬಿ ಮೊಣಕೈಯಿಂದ ಮಶ್ ಹೈದರ್‌ನನ್ನು ತಿವಿದುಕೊಂಡು ಎಲ್ಲರಿಗಿಂತ ಮೊದಲು ಹೊರಗೆ ಬಿದ್ದಳು. ಅಂಗಳದ ನಡುವೆ ನಿಂತು, ಏದುಸಿರು ಬಿಡುತ್ತಲೇ, "ಬನ್ನಿ ಬನ್ನಿ, ಬಡವರ ಮನೆಗೆ ಬನ್ನಿ" ಎಂದು ಎರಡೂ ಕೈ ಚಾಚಿದಳು. ಗುಮ್ಮಟ ಕ್ಷಣದಲ್ಲಿ ಖಾಲಿಯಾಯಿತು. ಇರಜ್ ನಗುತ್ತಾ ನನ್ನತ್ತ ತಿರುಗಿದ. ಆಗಲೇ ಗುಮ್ಮಟದೊಳಗೆ ಎಲ್ಲೋ ಮೇಲಿಂದ ಒಂದು ಹಿಡಿ ಮಣ್ಣು ಉದುರಿತು. ಯಾರೂ ಒಳಗಿರಲಿಲ್ಲ. ಆದರೂ ಅವನ ನಗು ನಿಂತಿತು.

"ಮೊದಲ ನಡುಕಕ್ಕೇ ಹೊರಡಬೇಕು," ಎಂದು ಎಲ್ಲರಿಗೂ ಹೇಳಿದ. "ಮಣ್ಣಿನ ಗೋಡೆ ಎರಡನೇ ಸಲ ಕ್ಷಮಿಸೋದಿಲ್ಲ."

*

ಅವನ ವರ್ಗಾವಣೆಯ ಸುದ್ದಿ ಬಂದದ್ದು ಅದಾದ ಮೇಲೆ. ಟೆಹ್ರಾನಿನಲ್ಲಿ ತರಬೇತುದಾರರಿಗೇ ತರಬೇತಿ ಕೊಡುವ ಕೆಲಸ. ದೊಡ್ಡ ಹುದ್ದೆ. ಅಂಗಡಿಗೆ ಬಂದು, ಕೂರದೆ, ಮರದ ಅಚ್ಚೊಂದನ್ನು ಕೈಯಲ್ಲಿ ತಿರುಗಿಸುತ್ತಾ ನಿಂತ.

"ಒಪ್ಪಿಕೊಂಡೇ ಬಿಡಬೇಕು ಅಂತೇನಿಲ್ಲ," ಎಂದ. "ಇಲ್ಲೇ ಜಿಲ್ಲೆಯಲ್ಲಿ ಉಳಿಯೋಕೂ ಆಗುತ್ತೆ. ನೀವು ಇರಿ ಅಂದ್ರೆ ಇರ್ತೀನಿ, ತೂರಾನ್ ಖಾನುಮ್."

ಇದು ನಿಜವೋ, ಹೋಗುವ ಅತಿಥಿ ಹೊಸ್ತಿಲಲ್ಲಿ ಆಡುವ ಮಾತೋ? ನಿಜವೆಂದು ಹಿಡಿದುಕೊಂಡು, ಅದು ಉಪಚಾರವಾಗಿದ್ದರೆ? ಆಮೇಲೆ ಈ ಓಣಿಯಲ್ಲಿ ತಲೆ ಎತ್ತಿ ನಡೆಯುವುದು ಹೇಗೆ?

"ಅಯ್ಯೋ, ನಮ್ಮಂಥವರಿಗಾಗಿ ನಿಮ್ಮ ಭವಿಷ್ಯ ಯಾಕೆ ಕೆಡಿಸ್ಕೋತೀರಿ?" ನನ್ನ ಬಾಯಿ ತಾನಾಗಿಯೇ ಮಾತಾಡಿತು. "ನಿಮ್ಮ ಜಾಗ ನಮ್ಮೆಲ್ಲರ ಮನಸ್ಸಲ್ಲಿದೆ. ದೇವರು ಒಳ್ಳೇದು ಮಾಡ್ಲಿ."

ಅವನು ಮತ್ತೊಮ್ಮೆ ಕೇಳಲಿ ಎಂದು ಕಾದೆ. ನಮ್ಮಲ್ಲಿ ಮತ್ತೆ ಕೇಳುತ್ತಾರೆ. ಅವನು ಅಚ್ಚನ್ನು ಮೆಲ್ಲಗೆ ಕೆಳಗಿಟ್ಟ.

"ತಮ್ಮ ದಯೆ," ಎಂದು ಹೋದ.

ಬೀಬಿ ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದಳು. "ಹಸಿದ ಮನುಷ್ಯನ ಕೈಗೆ ಗುಲಾಬಿ ಕೊಟ್ಟು ಕಳಿಸಿದೆಯಲ್ಲೇ," ಎಂದಳು.

"ಅವರು ತಾರುಫ್ ಮಾಡಿದ್ದು ಅಮ್ಮಾ."

"ನೀನು ಮಾಡಿದ್ದು."

ಆ ವಾರವಿಡೀ ಗಾಳಿ ಬೀಸಲಿಲ್ಲ. ಒಲೆಯ ಹೊಗೆ ಅಂಗಳದಲ್ಲೇ ನಿಂತು ಕೊಳೆಯಿತು. ಬಾವಿಗಳಿಂದ ಗಂಧಕದ ನಾತ. ಹಗಲು ಹೊತ್ತಿನಲ್ಲಿ ನಾಯಿಗಳು ಬೆಟ್ಟದತ್ತ ಮುಖ ಮಾಡಿ ಕೂರುತ್ತಿದ್ದವು, ಬೊಗಳದೆ.

*

ಅವನ ಬೀಳ್ಕೊಡುಗೆಗೆ ಜಿಲ್ಲಾ ಕಚೇರಿಯಿಂದ ಅವನ ಮೇಲಧಿಕಾರಿ, ನಿರ್ದೇಶಕರು ಬಂದರು. ಅಂಗಳದಲ್ಲಿ ಮಾಡೋಣ ಎಂದು ಇರಜ್ ಎಷ್ಟು ಹೇಳಿದರೂ ಹಿರಿಯರು ಒಪ್ಪಲಿಲ್ಲ. ಅಷ್ಟು ದೊಡ್ಡ ಮನುಷ್ಯರನ್ನು ಬಿಸಿಲಲ್ಲಿ ಕೂರಿಸುವುದುಂಟೆ? ಗುಮ್ಮಟದ ಕೆಳಗೇ ರತ್ನಗಂಬಳಿ ಹಾಸಿದರು. ಇರಜ್ ಬಾಗಿಲ ಪಕ್ಕದಲ್ಲೇ ಕುಳಿತ, ಕಣ್ಣು ಮಾಡಿನ ಮೇಲೆ. ನಾನು ತಟ್ಟೆ ಹಿಡಿದು ಅವನ ಮುಂದೆ ಬಾಗಿದಾಗ ಒಂದು ಕುಲುಂಪೆ ಎತ್ತಿಕೊಂಡ, ತಿನ್ನಲಿಲ್ಲ.

"ಯಾವಾಗ ಹೊರಡ್ತೀರಿ?"

"ಸಂಜೆ ಬಸ್ಸು."

ನೆಲ ಒಮ್ಮೆ ಗೊರಕೆ ಹೊಡೆದ ಹಾಗಾಯಿತು. ತೂಗುದೀಪ ಉಯ್ಯಾಲೆಯಾಡಿತು. ಇರಜ್ ಸೀಟಿ ಊದಿದ.

ಎಲ್ಲರೂ ಎದ್ದರು, ಕಲಿತ ಹಾಗೆಯೇ. ಬೀಬಿ, ಅಗ್ದಸ್, ಮೊದಲ ಸಾಲಿನವರು ಹೊರಗೆ ಬಿದ್ದರು. ಅಷ್ಟರಲ್ಲಿ ನಿರ್ದೇಶಕರು ಬಾಗಿಲಿಗೆ ಬಂದರು. ಅವರು ನಮ್ಮ ಡ್ರಿಲ್ ಕಲಿತಿರಲಿಲ್ಲ. ಎದೆಯ ಮೇಲೆ ಕೈಯಿಟ್ಟು ಬದಿಗೆ ಸರಿದರು. "ಹಿರಿಯರು ಮೊದಲು."

ಕಲಿತದ್ದೆಲ್ಲ ಆ ಒಂದು ಮಾತಿಗೆ ಕರಗಿಹೋಯಿತು. ಇಡೀ ಸಾಲು ನಿಂತಿತು. ಮಶ್ ಹೈದರ್ ಸೊಂಟ ಬಗ್ಗಿಸಿದ. "ದೇವರಾಣೆ, ತಾವಿರುವಾಗ ನಾವು ಹೇಗೆ…"

ಗೋಡೆಯೊಳಗೆ ಏನೋ ಹರಿದ ಸದ್ದು.

ನಾನು ತಟ್ಟೆ ಬಿಸಾಡಿ, ನಿರ್ದೇಶಕರ ಕೋಟಿನ ಹಿಂಬದಿ ಹಿಡಿದು, ಮೂಟೆ ಎಸೆದ ಹಾಗೆ ಹೊರಗೆ ತಳ್ಳಿದೆ. ಅವರ ಹಿಂದೆಯೇ ಮಶ್ ಹೈದರ್‌ನನ್ನೂ. ಇರಜ್ ಬಾಗಿಲಿನ ಒಳಗಡೆ ನಿಂತು ಒಬ್ಬೊಬ್ಬರನ್ನೇ ಬೆನ್ನಿಗೆ ಕೈ ಹಾಕಿ ದೂಡತೊಡಗಿದ. ಕೊನೆಗೆ ನಾನು, ಅವನು.

"ನಡೀರಿ!" ಎಂದೆ. "ನೀವು—"

ಅವನು ನನ್ನ ಭುಜಕ್ಕೆ ಎರಡೂ ಕೈ ಕೊಟ್ಟು ನೂಕಿದ. ನಾನು ಅಂಗಳದಲ್ಲಿ ಮುಗ್ಗರಿಸಿ ಬಿದ್ದೆ. ಎರಡನೆಯ ನಡುಕ ಬಂತು. ತಲೆಯೆತ್ತಿದಾಗ ಬಾಗಿಲಿರಲಿಲ್ಲ. ಅರ್ಧ ಗುಮ್ಮಟವಿರಲಿಲ್ಲ. ಧೂಳಿನ ದೊಡ್ಡ ಗೋಡೆಯೊಂದು ಎದ್ದು ನಮ್ಮ ಮೇಲೆ ಬಾಗಿ ಬರುತ್ತಿತ್ತು.

ಅಳು, ಕೂಗು, ದೇವರ ಹೆಸರು. ನನಗೆ ಅವನು ಕಲಿಸಿದ್ದು ನೆನಪಾಯಿತು. ಸೀಟಿ ಊದಿದೆ. "ಯಾರೂ ಮಾತಾಡಬೇಡಿ! ಮಣ್ಣಿನ ರಾಶಿ ಮೇಲೆ ಯಾರೂ ಹತ್ತಬೇಡಿ! ಅಗ್ದಸ್, ನೀನು ಜನ ಕರ್ಕೊಂಡು ಮನೆಗಳನ್ನ ನೋಡು. ಉಳಿದವರು ಸಾಲಾಗಿ ನಿಲ್ಲಿ, ಕೈಯಿಂದ ಕೈಗೆ ಇಟ್ಟಿಗೆ ದಾಟಿಸಿ."

ಎಲ್ಲರೂ ಸುಮ್ಮನಾದರು. ಆ ಮೌನದಲ್ಲಿ ನೆಲದಡಿಯಲ್ಲಿ ಗುಡುಗು ಇನ್ನೂ ಉರುಳುತ್ತಿತ್ತು.

"ಇರಜ್!"

ಕೆಮ್ಮು. "ಇದ್ದೀನಿ." ತೊಲೆಯೊಂದು ಅಡ್ಡ ಬಿದ್ದ ಸಂದಿಯಿಂದ ಬಂದ ದನಿ. "ನನ್ನ ಬಗ್ಗೆ ತೊಂದ್ರೆ ತಗೋಬೇಡಿ. ಬೇರೆಯವರನ್ನ ನೋಡಿ."

"ನೋಡ್ತಿದ್ದಾರೆ. ಕಾಲು ಅಲ್ಲಾಡುತ್ತಾ?"

"ಒಂದು. ಇನ್ನೊಂದರ ಮೇಲೆ ತೊಲೆ ಇದೆ. ಖಾನುಮ್, ಉಳಿದ ಅರ್ಧ ಗುಮ್ಮಟ ನಿಮ್ಮ ತಲೆ ಮೇಲಿದೆ. ದಯವಿಟ್ಟು ದೂರ ಹೋಗಿ."

ಮೇಲೆ ನೋಡಿದೆ. ನಿಜ. ಗುಮ್ಮಟದ ಅಂಚಿನಿಂದ ಮಣ್ಣು ದಾರದಂತೆ ಇಳಿಯುತ್ತಿತ್ತು. ಮೊಣಕಾಲೂರಿ ಇಟ್ಟಿಗೆ ಕೀಳತೊಡಗಿದೆ.

"ನಿಮಗೆ ಹೊರಗೆ ಬರೋಕೆ ಇಷ್ಟ ಇದೆಯೋ ಇಲ್ವೋ?"

"ಇದೆ."

"ಟೆಹ್ರಾನಿಗೆ ಹೋಗೋಕೆ?"

"ಇಲ್ಲ."

"ಮತ್ತೆ ಆವತ್ತು ಯಾಕೆ ಹೇಳಲಿಲ್ಲ?"

"ಹೇಳಿದೆ. ನೀವು ಆಶೀರ್ವಾದ ಮಾಡಿ ಕಳಿಸಿದ್ರಿ."

ನನಗೆ ನಗು ಬಂತೋ ಅಳು ಬಂತೋ, ಬಾಯೊಳಗೆ ಬರೀ ಮಣ್ಣು. "ನಾನು ಮೂರ್ಖಳು. ಈಗ ಕೇಳ್ತೀನಿ, ಸುತ್ತಿ ಬಳಸಿ ಹೇಳಬೇಡಿ. ನಾನು ಬೇಕಾ?"

"ಬೇಕು."

"ಮುದುಕಿ ಬೀಬಿಯೂ ಜೊತೆಗೆ ಬರ್ತಾಳೆ."

"ಬರ್ಲಿ. ಬೇಕು."

"ನನಗೂ ನೀವು ಬೇಕು. ಮೊದಲ ದಿನದಿಂದ."

"ಖಾನುಮ್," ಹಿಂದಿನಿಂದ ಮಶ್ ಹೈದರ್ ಗಂಟಲು ಸರಿಮಾಡಿಕೊಂಡ. ಧೂಳು ಮೆತ್ತಿದ ಅವನ ಕೆನ್ನೆಯ ಮೇಲೆ ಎರಡು ಒದ್ದೆ ಗೆರೆ. "ಇಟ್ಟಿಗೆ ದಾಟಿಸಿ. ಮಾತು ಆಮೇಲಾದ್ರೂ ಆಗುತ್ತೆ."

ತೊಲೆಯನ್ನು ಕಾರಿನ ಜಾಕ್ ಇಟ್ಟು ಎತ್ತಿದೆವು. ಜಾಕ್ ನಿರ್ದೇಶಕರ ಕಾರಿನದು, ತಿರುಗಿಸಿದವರೂ ಅವರೇ. ಇರಜ್‌ನನ್ನು ಹಾಸುಗಂಬಳಿಯಲ್ಲಿ ಎಳೆದು ಅಂಗಳದ ಅಂಚಿಗೆ ತಂದೆವೋ ಇಲ್ಲವೋ, ಉಳಿದ ಅರ್ಧವೂ ನಿಟ್ಟುಸಿರಿಟ್ಟು ಕುಸಿಯಿತು. ಅವನ ಕಾಲು ಮಂಡಿಯ ಕೆಳಗೆ ಇರಬಾರದ ಕಡೆಗೆ ತಿರುಗಿತ್ತು. ಮುಖ ಹಿಟ್ಟಿನಷ್ಟು ಬಿಳಿ. ನಾನು ಅವನ ರೆಪ್ಪೆಯ ಮೇಲಿನ ಧೂಳನ್ನು ತಲೆವಸ್ತ್ರದ ತುದಿಯಿಂದ ಒರೆಸಿದೆ. ಊರೆಲ್ಲ ನೋಡುತ್ತಿತ್ತು. ನೋಡಲಿ.

ಕೆಂಪು ಅರ್ಧಚಂದ್ರ ಸಂಸ್ಥೆಯ ಆಂಬುಲೆನ್ಸ್ ಗಾಡಿ ಬಂದಾಗ ಬೆಟ್ಟದ ದಾರಿಯಲ್ಲಿ ಬಂಡೆಗಳು ಇನ್ನೂ ಉರುಳುತ್ತಿದ್ದವು. ಇದೇ ದಾರಿಯಲ್ಲಿ ವಾಪಸ್ಸು ಹೋಗಬೇಕು, ಬೇರೆ ದಾರಿಯಿಲ್ಲ ಎಂದ ಚಾಲಕ. ಇರಜ್‌ನನ್ನು ಒಳಗೆ ಮಲಗಿಸಿದರು. ಅವನು ಕಣ್ಣು ತೆರೆದು ನನ್ನನ್ನು ಹುಡುಕಿದ, ಬಾ ಅನ್ನಲಿಲ್ಲ. ಆ ದಾರಿಗೆ ಯಾರನ್ನು ಯಾರು ಕರೆಯುತ್ತಾರೆ?

ಬೀಬಿ ಅಂಗಳದ ಕಂಬಳಿಯ ಮೇಲೆ ಕುಳಿತಿದ್ದಳು. ನನ್ನನ್ನು ನೋಡಿ, ಗದ್ದದಿಂದ ಗಾಡಿಯ ಕಡೆ ತೋರಿಸಿದಳು. ನಾನು ಸೀಟಿಯನ್ನು ಕೊರಳಿಂದ ತೆಗೆದು ಅಗ್ದಸ್‌ಳ ಕೊರಳಿಗೆ ಹಾಕಿದೆ.

"ಹೋಗು ಹೋಗು," ಎಂದಳು ಅವಳು, ಮೂಗು ಒರೆಸಿಕೊಳ್ಳುತ್ತಾ. "ನಾನಿಲ್ಲದೆ ಈ ಊರು ಯಾವತ್ತು ನಡೆದಿದೆ?"

ನೆಲ ಮತ್ತೆ ನಡುಗಿತು. ಚಾಲಕ ಬಾಗಿಲು ಹಾಕಲು ಬಂದಾಗ ನಾನು ಆಗಲೇ ಒಳಗಿದ್ದೆ, ಇರಜ್‌ನ ಕೈ ನನ್ನ ಎರಡೂ ಕೈಗಳ ನಡುವೆ.

"ಸಂಬಂಧಿಕರು ಮಾತ್ರ, ಖಾನುಮ್. ಇವರಿಗೆ ನೀವೇನಾಗಬೇಕು?"

"ಇನ್ನೂ ಏನೂ ಆಗಿಲ್ಲ," ಎಂದೆ. "ಆಗ್ತೀನಿ. ಗಾಡಿ ಬಿಡಿ."