ಪರದೇಶಿ ಪಡೆಯ ಮೂರನೇ ನಿಯಮ

"ಕಮಾಂಡರ್ ಪ್ರಗತಿ ಅವರಾ?"

ಗುರುವಾರ ಬೆಳಗ್ಗೆ ಹನ್ನೊಂದಕ್ಕೆ, ಆಸ್ಟಿನ್ ಕಡೆಯ ಗೊತ್ತಿಲ್ಲದ ನಂಬರಿನಿಂದ ಹೆಂಗಸೊಬ್ಬಳು ಇಂಗ್ಲಿಷಿನಲ್ಲಿ ಹೀಗೆ ಕೇಳಿದಾಗ ಪ್ರಗತಿ ಆಫೀಸಿನ ಮೀಟಿಂಗ್‌ನಿಂದ ಆಗಷ್ಟೇ ಎದ್ದು ಹೊರಗೆ ಬಂದಿದ್ದಳು.

"ಪ್ರಗತಿ ಹೌದು. ಕಮಾಂಡರ್ ಯಾರು?"

"ರೌಂಡ್ ರಾಕ್‌ನ ಆಸ್ಪತ್ರೆಯಿಂದ ಮಾತಾಡ್ತಿದ್ದೀನಿ. ಚಿದಾನಂದ್ ಅವರ ಎಮರ್ಜೆನ್ಸಿ ಕಾಂಟ್ಯಾಕ್ಟ್ ಅಂತ ನಿಮ್ಮ ಹೆಸರಿದೆ. ಅವರನ್ನ ಆಪರೇಷನ್‌ಗೆ ಕರ್ಕೊಂಡು ಹೋಗಿದ್ದಾರೆ. ಉಳಿದದ್ದನ್ನ ಫೋನಲ್ಲಿ ಹೇಳೋ ಹಾಗಿಲ್ಲ. ಬರ್ತೀರಾ?"

"ಬರ್ತೀನಿ," ಎಂದಳು ಪ್ರಗತಿ. ನಿನ್ನೆ ಸಂಜೆಯಷ್ಟೇ ಆ ಮನುಷ್ಯನನ್ನು ಅವಳು ಸೇನೆಯಿಂದ ವಜಾ ಮಾಡಿದ್ದಳು.

ಸೇನೆ ಎಂದರೆ ನಿಜವಾದ ಸೇನೆಯಲ್ಲ, ಗಾಬರಿಯಾಗಬೇಡಿ. ಮುಂದಿನ ಶನಿವಾರ ಹ್ಯೂಸ್ಟನ್ ಕನ್ನಡಿಗರೆದುರು ಆಡಬೇಕಿದ್ದ ನಾಟಕದ 'ಪರದೇಶಿ ಪಡೆ' ಅದು. ಬರೆದವಳೂ ಪ್ರಗತಿ, ನಿರ್ದೇಶಿಸುವವಳೂ ಪ್ರಗತಿ. ಯಾವುದೋ ಒಂದು ಕಲ್ಪನೆಯ ರಾಜ್ಯ. ಅದಕ್ಕಾಗಿ ಕಾದಾಡಲು ದೂರದೂರದ ದೇಶಗಳಿಂದ ತಾವಾಗಿಯೇ ಬಂದ ಹನ್ನೆರಡು ಮಂದಿ. ಆ ಪಡೆಗೆ ಅವಳು ಮೂರು ನಿಯಮ ಕಟ್ಟಿದ್ದಳು. ಮೂರನೆಯದು ಹೀಗಿತ್ತು: ಸೇರುವವನು ಈ ನೆಲದಲ್ಲೇ ಇರುವ ಒಬ್ಬರ ಹೆಸರು ಬರೆದುಕೊಡಬೇಕು. ಅವನಿಗೇನಾದರೂ ಆದರೆ ಅವರಿಗೆ ಸುದ್ದಿ ಮುಟ್ಟಿಸಲಾಗುವುದು. ಸುದ್ದಿ ಮುಟ್ಟಿದವರು ಬರಲೇಬೇಕು.

ಮೊದಲ ರಿಹರ್ಸಲ್ ಮರ್ಫಿ ಎಂಬ ಊರಿನ ಅವಳ ಮನೆಯಲ್ಲೇ ನಡೆದಿತ್ತು. ಎಲ್ಲರೂ ಚೀಟಿಯಲ್ಲಿ ಯಾವುದೋ ಒಂದು ಹೆಸರು ಬರೆದು ಡಬ್ಬಿಗೆ ಹಾಕುವಾಗ, ರೌಂಡ್ ರಾಕ್‌ನಿಂದ ಮೂರು ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದ ಚಿದಾನಂದ್ ಮಾತ್ರ ಪೆನ್ ಕಚ್ಚುತ್ತ ಕುಳಿತಿದ್ದ. ಧಾರವಾಡದವನು. ಮೂವತ್ತೆಂಟಾದರೂ ಒಂಟಿ.

"ಮೇಡಂ, ಈ ದೇಶದಾಗ ಯಾರೂ ಇಲ್ಲದಾಂವ ಏನ್ ಬರೀಬೇಕ್ರಿ?"

"ಯಾರನ್ನಾದ್ರೂ ಹುಡುಕ್ಕೊಳ್ಳಿ. ಇಲ್ಲಾಂದ್ರೆ ಪಡೆಗೆ ಸೇರಿಸ್ಕೊಳ್ಳಲ್ಲ."

ಅವನು ಅವಳನ್ನೇ ನೋಡಿದ. ಸ್ವಲ್ಪ ಹೆಚ್ಚೇ ಹೊತ್ತು ನೋಡಿದ. ಆಮೇಲೆ ಏನನ್ನೋ ಗೀಚಿ, ಚೀಟಿಯನ್ನು ಮಡಚಿ ಡಬ್ಬಿಗೆ ಹಾಕಿದ. ಪ್ರಗತಿ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುತ್ತ ಸ್ಕ್ರಿಪ್ಟ್‌ನಲ್ಲಿ ಏನೋ ಹುಡುಕತೊಡಗಿದಳು. ಹುಡುಕುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಅಂಥವನು ಸಾಲಾಗಿ ಮೂರು ರಿಹರ್ಸಲ್ ತಪ್ಪಿಸಿದ. ಕಾರಣ ಕೇಳಿದರೆ "ಸ್ವಲ್ಪ ಕೆಲಸ ಐತ್ರಿ" ಎಂಬ ಉತ್ತರ. ಪ್ರಗತಿಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೆದುರೇ ಹಾಕಿಬಿಟ್ಟಳು: 'ಚಿದಾನಂದ್ ಅವರನ್ನು ಪರದೇಶಿ ಪಡೆಯಿಂದ ವಜಾ ಮಾಡಲಾಗಿದೆ. ಪಾತ್ರ ರಕ್ಷಿತ್‌ಗೆ.' ಅವನು ಒಂದು ಸೆಲ್ಯೂಟ್ ಇಮೋಜಿ ಮಾತ್ರ ಕಳಿಸಿದ್ದ.

ಈಗ ಆಪರೇಷನ್ನಂತೆ. ಯಾವುದರ ಆಪರೇಷನ್? ಹೃದಯದ್ದಾ? ಆಕ್ಸಿಡೆಂಟಾ? ಅವಳು ಕಾರಿನ ಕೀಗಾಗಿ ಬ್ಯಾಗನ್ನೆಲ್ಲ ತಡಕಾಡಿದಳು. ಕೀ ಕೈಯಲ್ಲೇ ಇತ್ತು.

ಅರ್ಧ ದಾರಿಯಲ್ಲಿ, ವೇಕೋ ಊರಿನ ಹತ್ತಿರ, ಹೈವೇಯಲ್ಲಿ ಟ್ರಾಫಿಕ್ ನಿಂತುಬಿಟ್ಟಿತು. ನಿಂತ ಕಾರಿನಲ್ಲಿ ಕುಳಿತಾಗ ಇನ್ನೊಂದು ಯೋಚನೆ ಸಿಡಿಲಿನಂತೆ ಎರಗಿತು. ಇವತ್ತು ತನಗೇ ಏನಾದರೂ ಆಗಿದ್ದರೆ ಫೋನ್ ಯಾರಿಗೆ ಹೋಗುತ್ತಿತ್ತು? ಆಫೀಸಿನ ಫಾರ್ಮ್‌ನಲ್ಲಿ ಇನ್ನೂ ದರ್ಶನ್ ಹೆಸರೇ ಇದೆ. ಡೈವೋರ್ಸ್ ಆಗಿ ಮೂರು ವರ್ಷವಾಯಿತು. ಅವನು ಬೇರೆ ಮದುವೆಯಾಗಿ ಹ್ಯೂಸ್ಟನ್‌ಗೆ ಶಿಫ್ಟ್ ಆಗಿದ್ದಾನೆ. ಆ ಹೆಸರನ್ನು ತೆಗೆಯಲು ಅವಳು ಮರೆತಿರಲಿಲ್ಲ. ಅಲ್ಲಿ ಬರೆಯಲು ಬೇರೆ ಹೆಸರಿರಲಿಲ್ಲ, ಅಷ್ಟೇ.

ನಾಟಕದಲ್ಲಿ ಇಷ್ಟು ದೊಡ್ಡ ನಿಯಮ ಮಾಡಿದವಳನ್ನು ಅವಳ ಪಡೆಯೇ ಸೇರಿಸಿಕೊಳ್ಳುತ್ತಿರಲಿಲ್ಲ. ಪ್ರಗತಿ ಸ್ಟೀರಿಂಗ್ ಮೇಲೆ ಹಣೆಯಿಟ್ಟು ಅತ್ತಳು. ಅವನು ಬದುಕಿರಲಿ ದೇವರೇ ಎಂದು ಬಾಯಿಬಿಟ್ಟೇ ಬೇಡಿಕೊಂಡಳು. ಅವನು ಇಲ್ಲದ ರಿಹರ್ಸಲ್ ಭಾನುವಾರಗಳು ಅವಳಿಗೆ ಬೇಕಿರಲಿಲ್ಲ. ಇದು ಇವತ್ತು ಹುಟ್ಟಿದ ಭಾವವಲ್ಲ ಎಂಬುದೂ ಅವಳಿಗೆ ಆಗಲೇ ಗೊತ್ತಾಯಿತು.

ಆಸ್ಪತ್ರೆಯ ಕೌಂಟರಿನಲ್ಲಿ ಹೆಸರು ಹೇಳುತ್ತಿದ್ದಂತೆ ನರ್ಸ್ ನಕ್ಕಳು. "ಓ, ಕಮಾಂಡರ್! ನಿಮಗೂ ಅವರಿಗೂ ಏನು ಸಂಬಂಧ ಅಂತ ಕೇಳಿದ್ದಕ್ಕೆ ಅವರು ಹಾಗೇ ಬರೆಸಿದ್ರು. ಅಪೆಂಡಿಕ್ಸ್ ಒಡೆದುಹೋಗಿತ್ತು. ಈಗ ಅಪಾಯ ಇಲ್ಲ, ಎದ್ದಿದ್ದಾರೆ. ಹೋಗಿ ನೋಡಿ."

ಚಿದಾನಂದ್ ಬಿಳಿಚಿಕೊಂಡು ಮಲಗಿದ್ದ. ಪಕ್ಕದಲ್ಲಿ ಹಾರ್ಟ್ ಮಾನಿಟರ್ ನಿಧಾನಕ್ಕೆ ಬೀಪ್ ಬೀಪ್ ಎನ್ನುತ್ತಿತ್ತು. ಬಾಗಿಲಲ್ಲಿ ಅವಳನ್ನು ಕಂಡವನೇ ಕಣ್ಣುಜ್ಜಿಕೊಂಡ.

"ಖರೇನ ಬಂದ್ರೇನ್ರಿ?"

"ನಿಮಗೆ ಬುದ್ಧಿ ಇದೆಯಾ? ಮೂರು ರಿಹರ್ಸಲ್ ಹೊಟ್ಟೆ ನೋವಿಟ್ಕೊಂಡು ಮನೇಲಿ ಕೂತಿದ್ರಾ?"

"ಬಂದ್ ಬಂದ್ ಹೋಗ್ತಿತ್ರಿ, ಗ್ಯಾಸ್ ಅಂತ ತಿಳ್ಕೊಂಡಿದ್ದೆ. ಅಜವಾನದ ನೀರು ಕುಡಕೋತ ಕುಂತಿದ್ದೆ. ನಿಮಗ ಹೇಳಿದ್ರ ಪಾತ್ರ ಕಸ್ಕೋತೀರಿ ಅಂತ ಹೇಳ್ಲಿಲ್ಲ. ಹೇಳ್ದಿದ್ರೂ ಕಸ್ಕೊಂಡ್ರಿ."

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಕುರ್ಚಿ ಎಳೆದುಕೊಂಡು ಕುಳಿತಳು.

"ನನ್ನ ಹೆಸರು ಯಾಕೆ ಕೊಟ್ರಿ?"

"ಧಾರವಾಡದ ನಂಬರ್ ಕೊಟ್ರ, ಇಲ್ಲೇ ಇರೋವ್ರದ ಕೊಡು ಅಂದ್ರು. ಯಾರನ್ನರ ಹುಡುಕ್ಕೋರಿ ಅಂತ ನೀವ ಹೇಳಿದ್ರೆಲ್ಲಾ. ಆವತ್ತ ಹುಡುಕಿದ್ದೆ. ಡಬ್ಬಿಯೊಳಗಿನ ಚೀಟಿಯಾಗೂ ಅದ ಹೆಸರು ಐತ್ರಿ." ಅವನು ಮುಖವನ್ನು ಕಿಟಕಿಯ ಕಡೆ ತಿರುಗಿಸಿದ. "ಈಗ ವಜಾ ಆಗೇನಿ. ನಿಯಮದ ಪ್ರಕಾರ ನೀವು ಬರೋದು ಬೇಕಾಗಿರಲಿಲ್ಲ. ನಾಳೆ ಆ ಹೆಸರು ತೆಗಸ್ತೀನ್ರಿ."

ಪ್ರಗತಿ ಫೋನ್ ತೆಗೆದು ಆಫೀಸಿನ ಆ್ಯಪ್ ತೆರೆದಳು. ದರ್ಶನ್ ಹೆಸರಿನ ಮೇಲೆ ಬೆರಳಿಟ್ಟಳು, ಅಳಿಸಿದಳು.

"ನಿಮ್ಮ ನಂಬರ್ ಹೇಳಿ."

"ನಿಮ್ಮ ಕಡೆ ಐತೆಲ್ಲಾ?"

"ನೀವೇ ಹೇಳಿ. ಈ ದೇಶದಲ್ಲಿ ನನಗೂ ಯಾರೂ ಇಲ್ಲ. ನಾನೂ ಒಬ್ಬರ ಹೆಸರು ಬರೀಬೇಕು."

ಅವನು ಒಂದೊಂದೇ ಅಂಕಿ ಹೇಳಿದ. ಅವಳು ಬರೆದುಕೊಂಡಳು. ಕೆಳಗೆ ಸಂಬಂಧವೇನೆಂದು ಕೇಳುವ ಪಟ್ಟಿ ತೆರೆದುಕೊಂಡಿತು.

"ಫ್ರೆಂಡ್ ಅಂತ ಹಾಕ್ರಿ," ಎಂದ ಅವನು. "ಅಷ್ಟ ಸಾಕ್ರಿ."

"ಫ್ರೆಂಡ್‌ಗೋಸ್ಕರ ನಾನು ಮೂರು ಗಂಟೆ ಅತ್ಕೊಂಡು ಡ್ರೈವ್ ಮಾಡಲ್ಲ."

ಅವಳು ಪಟ್ಟಿಯಲ್ಲಿ 'ಪಾರ್ಟ್‌ನರ್' ಎಂಬುದನ್ನು ಒತ್ತಿ, ಸೇವ್ ಮಾಡಿ, ಫೋನನ್ನು ಅವನ ಕಣ್ಣೆದುರು ಹಿಡಿದಳು.

ಚಿದಾನಂದ್ ಓದಿದ. ಇನ್ನೊಮ್ಮೆ ಓದಿದ. ಅವನು ಬಾಯಿ ತೆರೆಯುವ ಮೊದಲೇ ಹಾರ್ಟ್ ಮಾನಿಟರ್ ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಹೊರಗಿನಿಂದ ನರ್ಸ್ ಓಡಿಬಂದಳು.

"ಏನಾಯ್ತು? ಅವರಿಗೆ ಏನು ಮಾಡಿದ್ರಿ?"

ಪ್ರಗತಿ ಅವನ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು. ಅವಳ ಉತ್ತರ ಕನ್ನಡದಲ್ಲೇ ಬಂತು. ನರ್ಸ್‌ಗೆ ಅರ್ಥವಾಗಲಿಲ್ಲ, ಅರ್ಥವಾಗಬೇಕಾದವನಿಗೆ ಆಯಿತು.

"ಏನಿಲ್ಲ. ಸುದ್ದಿ ಮುಟ್ಟಿಸಿದೆ."